ಎರೆಭೂಮಿಯಲ್ಲಿ ಅಜೇಲಿಯಾ

ನೀಲಗಿರಿಯ ಎತ್ತರದಲ್ಲಿ ಕೆಂಪು ಹೂ ತಳೆಯುವ ರೋಡೋಡೆಂಡ್ರಾನ್ ಮರವೂ ತೋಟದ ಅಜೇಲಿಯಾ ಗಿಡವೂ ಒಂದೇ ಕುಲದವು. ಎರಡಕ್ಕೂ ಹುಳಿಮಣ್ಣು ಬೇಕು. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಾದರೋ ಸುಣ್ಣದ ಅಂಶವುಳ್ಳದ್ದು. ಇದನ್ನು ಲೆಕ್ಕಿಸದೆ ನಾವು ಶಾಲೆಯಂಗಳದ ಎರೆಯಲ್ಲಿಯೇ ಅಜೇಲಿಯಾವನ್ನು ನೆಟ್ಟೆವು. ಎಳೆಯೆಲೆಗಳು ಹಳದಿಯಾದವು, ನರಗಳು ಮಾತ್ರ ಹಸಿರಾಗಿ ಉಳಿದವು. ಗೊಬ್ಬರ ಸಾಲದೆಂದು ಬಗೆದು ಒಲೆಯ ಬೂದಿ ಹಾಕಿದೆವು, ಗಿಡ ಸತ್ತಿತು. ಬೂದಿಯೂ ಸುಣ್ಣದಂತೆ ಕ್ಷಾರವೇ. ನೆಲದಲ್ಲಿ ಕಬ್ಬಿಣವಿದ್ದರೂ ಕ್ಷಾರದಲ್ಲಿ ಅದು ಕರಗದು, ಬೇರಿಗೆ ದೊರೆಯದು.

ಆದುದರಿಂದ ವಿದ್ಯಾರ್ಥಿನಿಯರೇ, ತಳದಲ್ಲಿ ತೂತುಳ್ಳ ಕುಂಡದಲ್ಲಿ ಕಲಘಟಗಿಯ ಕಡೆಯ ಮಸಾರಿ ಮಣ್ಣನ್ನೂ ಕೊಳೆತ ಎಲೆಗೊಬ್ಬರವನ್ನೂ ಸಮನಾಗಿ ಬೆರೆಸಿ ನೆಡಿರಿ. ಬಾವಿಯ ಗಡಸು ನೀರನ್ನು ಬಿಟ್ಟು ಕೂಡಿಟ್ಟ ಮಳೆನೀರನ್ನು ಎರೆಯಿರಿ. ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಬುಡವನ್ನು ಅಗೆಯದೆ ತರಗೆಲೆ ಹೊದಿಸಿರಿ. ಮಧ್ಯಾಹ್ನದ ಬಿಸಿಲನ್ನು ತಪ್ಪಿಸಿರಿ. ಆರೈಕೆಗೆ ಮೊದಲು ಸ್ವಭಾವವನ್ನು ಅರಿಯಬೇಕೆಂಬುದು ಆ ಸತ್ತ ಗಿಡ ನಮಗೆ ಕಲಿಸಿದ ಪಾಠ.