ಪಿ.ಬಿ. ರೋಡ್ ಎಲ್ಲಿಂದ ಎಲ್ಲಿಗೆ?

ಪ್ರಶ್ನೆ: ನಮ್ಮ ರಾಣೆಬೆನ್ನೂರಿನಲ್ಲಿ ಪಿ.ಬಿ. ರೋಡ್ ಇದೆ. ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲೂ ಅದೇ ಹೆಸರಿನ ರಸ್ತೆ ನೋಡಿದ್ದೇನೆ. ಎಲ್ಲವೂ ಒಂದೇ ರಸ್ತೆಯೇ? ಎನ್‌ಎಚ್ 4 ಎಂದು ಓದಿ ಬೆಳೆದದ್ದು ಈಗ 48 ಹೇಗಾಯಿತು? ನಕ್ಷೆಯಲ್ಲಿ ನೋಡಿದರೆ ಅದು ಬೆಂಗಳೂರಿನಿಂದ ಪುಣೆಗೆ ನೆಟ್ಟಗೆ ಹೋಗದೆ ಪಶ್ಚಿಮಕ್ಕೆ ಬಾಗಿದೆಯಲ್ಲ, ಯಾಕೆ?
— ಓದುಗರು, ರಾಣೆಬೆನ್ನೂರು

ಉತ್ತರ: ಹೌದು, ಎಲ್ಲವೂ ಒಂದೇ ರಸ್ತೆಯ ತುಣುಕುಗಳು. ಪಿ.ಬಿ. ಎಂದರೆ ಪೂನಾ–ಬೆಂಗಳೂರು. ಬೆಂಗಳೂರಿನಲ್ಲಿ ಇದೇ ದಾರಿಗೆ ತುಮಕೂರು ರಸ್ತೆ ಎನ್ನುತ್ತಾರೆ, ಪಿ.ಬಿ. ಎಂಬ ಹೆಸರು ಗಟ್ಟಿಯಾಗಿ ಉಳಿದದ್ದು ನಡುವಿನ ಊರುಗಳಲ್ಲಿ. ಹೆದ್ದಾರಿ ಬೈಪಾಸ್ ಆಗಿ ಊರ ಹೊರಗೆ ಸರಿದ ಮೇಲೂ ಅಂಗಡಿ ಬೋರ್ಡುಗಳಲ್ಲಿ, ಅಂಚೆ ವಿಳಾಸಗಳಲ್ಲಿ ಹೆಸರು ಮಾತ್ರ ಹೋಗಲಿಲ್ಲ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸು ಓಡುವುದೂ ಈ ಹಳೆಯ ಪಿ.ಬಿ. ರೋಡಿನ ಮೇಲೆಯೇ.

ಇಂದಿನ ಹೆದ್ದಾರಿ ಮಹಾರಾಷ್ಟ್ರದಿಂದ ಕೊಗನೊಳಿಯ ಹತ್ತಿರ ಕರ್ನಾಟಕಕ್ಕೆ ಬರುತ್ತದೆ. ನಿಪ್ಪಾಣಿ, ಸಂಕೇಶ್ವರ, ಬೆಳಗಾವಿ, ಕಿತ್ತೂರು, ಧಾರವಾಡ, ಹುಬ್ಬಳ್ಳಿ, ಶಿಗ್ಗಾಂವಿ, ಹಾವೇರಿ, ನಿಮ್ಮ ರಾಣೆಬೆನ್ನೂರು, ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು, ನೆಲಮಂಗಲ ಮುಟ್ಟಿ ಬೆಂಗಳೂರು ಸೇರುತ್ತದೆ. ಅತ್ತಿಬೆಲೆ ದಾಟಿದರೆ ತಮಿಳುನಾಡು. ನಮ್ಮ ರಾಜ್ಯದಲ್ಲಿ ಇದರ ಉದ್ದ ಹತ್ತಿರಹತ್ತಿರ 600 ಕಿ.ಮೀ.

ನೀವು ಕೇಳಿದ ಬಾಗಿನ ಪ್ರಶ್ನೆ ನನಗೆ ಬಹಳ ಹಿಡಿಸಿತು. ನಕ್ಷೆಯ ಮೇಲೆ ಪುಣೆಗೂ ಬೆಂಗಳೂರಿಗೂ ಒಂದು ದಾರ ಎಳೆದು ಹಿಡಿಯಿರಿ. ಅದು ಬೆಳಗಾವಿಯ ಮೇಲೆ ಹಾಯುವುದೇ ಇಲ್ಲ, ಬಾದಾಮಿಯ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಆ ದಾರದ ಕೆಳಗಿನ ನೆಲ ಎಂಥದ್ದು? ದೂರದೂರಕ್ಕೂ ಎರೆ ಭೂಮಿ. ಜೋಳಕ್ಕೆ, ಹತ್ತಿಗೆ ಅದು ಬಂಗಾರ, ಗಾಡಿಗೆ ಮಾತ್ರ ಶತ್ರು. ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಎತ್ತುಗಳನ್ನು ನಿಲ್ಲಿಸಿಬಿಡುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಡಾಂಬರು ಹಾಕಿದರೂ ಅಡಿಯ ಮಣ್ಣು ಉಬ್ಬಿ ಕುಗ್ಗಿ ರಸ್ತೆಯನ್ನು ಅಲುಗಿಸುತ್ತದೆ. ಪಶ್ಚಿಮಕ್ಕೆ ಸರಿದಂತೆ ಕೆಂಪು ಮಣ್ಣು, ಗರಸು ಸಿಗುತ್ತವೆ. ತೀರಾ ಪಶ್ಚಿಮಕ್ಕೆ ಹೋದರೆ ಸಹ್ಯಾದ್ರಿಯ ಕಾಡು, ಕಣಿವೆ, ಬಿಡದ ಮಳೆ. ಬೆಳಗಾವಿಯಿಂದ ಹಾವೇರಿಯವರೆಗೆ ರಸ್ತೆ ಇವೆರಡರ ನಡುವೆ, ಅರೆಮಲೆನಾಡಿನ ಸೆರಗು ಹಿಡಿದು ನಡೆದಿದೆ.

ಹೊಳೆಗಳ ಲೆಕ್ಕವೂ ಇದೆ. ಕೃಷ್ಣೆಯನ್ನು ಈ ರಸ್ತೆ ಮಹಾರಾಷ್ಟ್ರದಲ್ಲೇ, ಅದಿನ್ನೂ ಕಿರಿದಾಗಿರುವಾಗಲೇ ದಾಟಿಬಿಡುತ್ತದೆ. ಹಿರಣ್ಯಕೇಶಿಯನ್ನು ಸಂಕೇಶ್ವರದಲ್ಲಿ, ಮಲಪ್ರಭೆಯನ್ನು ಎಂ.ಕೆ. ಹುಬ್ಬಳ್ಳಿಯಲ್ಲಿ ದಾಟುವುದೂ ಹಾಗೆಯೇ, ಅವು ಹಿರಿಹೊಳೆಗಳಾಗುವ ಮೊದಲೇ. ಧಾರವಾಡದಲ್ಲಂತೂ ನೀರಿನ ದಿಕ್ಕೇ ಬದಲಾಗುತ್ತದೆ. ಊರ ಒಂದು ಮಗ್ಗುಲಿಗೆ ಬಿದ್ದ ಮಳೆ ಶಾಲ್ಮಲೆಯಾಗಿ, ಬೇಡ್ತಿ ಸೇರಿ, ಗಂಗಾವಳಿಯ ಹೆಸರಿನಲ್ಲಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿನ ಮಳೆಯ ದಾರಿ ಬಂಗಾಳ ಕೊಲ್ಲಿಗೆ. ನೀರು ಹೀಗೆ ಕವಲೊಡೆಯುವ ಎತ್ತರದ ನೆಲದಲ್ಲಿ ದಾಟಬೇಕಾದ ದೊಡ್ಡ ಹೊಳೆಗಳು ಕಡಿಮೆ. ಸೇತುವೆ ಕಟ್ಟುವುದು ದುಬಾರಿಯಾಗಿದ್ದ ಕಾಲದ ದಾರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಆ ಬಾಗು ಸುತ್ತುಬಳಸಲ್ಲ, ಜಾಣತನ ಎಂದೇ ನನ್ನ ಅಭಿಪ್ರಾಯ.

ತಪ್ಪಿಸಿಕೊಳ್ಳಲಾಗದ ದೊಡ್ಡ ಹೊಳೆ ಒಂದೇ, ಹರಿಹರದ ತುಂಗಭದ್ರೆ. ಅಲ್ಲಿನ ಹಳೆಯ ಕಮಾನು ಸೇತುವೆ ಮುಗಿದದ್ದು 1868ರಲ್ಲಿ, ಬೆಂಗಳೂರು–ಧಾರವಾಡ ರಸ್ತೆಗಾಗಿ. ಏಕೀಕರಣದವರೆಗೂ ಆ ಹೊಳೆ ಎರಡು ಆಡಳಿತಗಳ ಗಡಿಯಾಗಿತ್ತು. ನಿಮ್ಮ ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ, ಎದುರು ದಡದ ಹರಿಹರ ಮೈಸೂರು ಸೀಮೆಯಲ್ಲಿ. 1956ರಲ್ಲಿ ಎರಡೂ ಒಂದೇ ರಾಜ್ಯವಾದವು. ಅದಕ್ಕೂ 88 ವರ್ಷ ಮೊದಲೇ ಆ ಕಮಾನುಗಳು ಎರಡೂ ದಡದ ಕನ್ನಡಿಗರನ್ನು ಜೋಡಿಸಿದ್ದವು. ಏಕೀಕರಣದ ಮಾತು ಬಂದಾಗ ಹೋರಾಟಗಾರರನ್ನು, ಸಾಹಿತಿಗಳನ್ನು ನೆನೆಯುತ್ತೇವೆ, ನೆನೆಯಲೇಬೇಕು. ಜೊತೆಗೆ ಈ ಸೇತುವೆಯನ್ನೂ ನೆನೆಯಬೇಕು ಎನಿಸುತ್ತದೆ.

ಇನ್ನು ನಂಬರು. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಎಲ್ಲ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಿತು. ಉತ್ತರ–ದಕ್ಷಿಣದ ರಸ್ತೆಗಳಿಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಅದು ಏರುತ್ತದೆ. ನಮ್ಮಲ್ಲೇ ನೋಡಿ: ಬಾಗೇಪಲ್ಲಿಯ ಮೇಲೆ ಹೋಗುವುದು 44, ಚಿತ್ರದುರ್ಗದ್ದು 48, ಕರಾವಳಿಯದು 66. ಪೂರ್ವ–ಪಶ್ಚಿಮದ ರಸ್ತೆಗಳಿಗೆ ಬೆಸಸಂಖ್ಯೆ. ಮಂಗಳೂರು–ತುಮಕೂರು ಹೆದ್ದಾರಿ 73 ಆದದ್ದು ಹಾಗೆ. ಮೂರಂಕಿ ಇದ್ದರೆ ಅದು ಕವಲು ರಸ್ತೆ: ಬೆಳಗಾವಿಯಿಂದ ಪಣಜಿಗೆ ಹೋಗುವ 748 ಎಂಬುದು 48ರ ಕವಲು. ಹಳೆಯ 4 ಮುಂಬೈ ಕಡೆಯಿಂದ ಚೆನ್ನೈಗೆ ಹೋಗುತ್ತಿತ್ತು. ಈಗಿನ 48 ದೆಹಲಿಯಲ್ಲೇ ಹೊರಟು ಜೈಪುರ, ಅಹಮದಾಬಾದ್, ಮುಂಬೈ, ಪುಣೆ ಹಾಯ್ದು ಸುಮಾರು 2,800 ಕಿ.ಮೀ. ನಡೆದು ಚೆನ್ನೈ ಸೇರುತ್ತದೆ. ಬೆಂಗಳೂರಿನಾಚೆ ದಾರಿಯೂ ಬೇರೆಯಾಯಿತು. ಹಳೆಯ 4 ಹೊಸಕೋಟೆ, ಕೋಲಾರ, ಮುಳಬಾಗಿಲು, ಚಿತ್ತೂರಿನ ಮೇಲೆ ಹೋಗುತ್ತಿತ್ತು, ಈಗಿನದು ಹೊಸೂರು, ಕೃಷ್ಣಗಿರಿಯ ಮೇಲೆ ಹೋಗುತ್ತದೆ. ಕೋಲಾರದ ರಸ್ತೆ ಈಗ 75. ನಾಲ್ಕನೇ ನಂಬರು ಅಂಡಮಾನಿನ ಹೆದ್ದಾರಿಗೆ ಹೋಯಿತು.

ಈ ರಸ್ತೆಯ ಮಾತು ಬಂದಾಗ ಹೇಳದೆ ಬಿಡಲಾಗದ ನೋವೊಂದಿದೆ. ಸುವರ್ಣ ಚತುಷ್ಕೋನ ಯೋಜನೆಯಲ್ಲಿ ಈ ಹೆದ್ದಾರಿಯನ್ನು ಚತುಷ್ಪಥ ಮಾಡಿದರೂ ಧಾರವಾಡದ ನರೇಂದ್ರ ಕ್ರಾಸ್‌ನಿಂದ ಹುಬ್ಬಳ್ಳಿಯ ಗಬ್ಬೂರು ಕ್ರಾಸ್‌ವರೆಗಿನ ಬೈಪಾಸ್, ಸುಮಾರು 30 ಕಿ.ಮೀ., ಎರಡೇ ಪಥದ್ದಾಗಿ ಉಳಿಯಿತು. ಎರಡೂ ಕಡೆಯಿಂದ ಚತುಷ್ಪಥದ ವೇಗದಲ್ಲಿ ಬಂದ ವಾಹನಗಳು ಆ ಇಕ್ಕಟ್ಟಿನಲ್ಲಿ ಎದುರುಬದುರಾಗುತ್ತಿದ್ದವು. 2021ರ ಜನವರಿಯಲ್ಲಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನ ಇಟ್ಟಿಗಟ್ಟಿಯ ಹತ್ತಿರ ಅಪಘಾತಕ್ಕೀಡಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ರಸ್ತೆ ಅಗಲ ಮಾಡಿ ಎಂದು ಜನ ಅದಕ್ಕೂ ಮೊದಲೇ ಕೂಗಿಟ್ಟಿದ್ದರು. ಷಟ್ಪಥ ಕಾಮಗಾರಿಗೆ ಶಂಕುಸ್ಥಾಪನೆ ಆದದ್ದು 2022ರ ಫೆಬ್ರವರಿಯಲ್ಲಿ. ಅಷ್ಟು ಹೆಣ ಬೀಳುವವರೆಗೆ ಕಾಯಬಾರದಿತ್ತು.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ಊರೊಳಗಿನ ಪಿ.ಬಿ. ರೋಡನ್ನು ಅಗಲ ಮಾಡುವಾಗ ಮೊದಲು ಕೀಳುವುದು ಹಳೆಯ ಮೈಲಿಗಲ್ಲುಗಳನ್ನೇ. ನಿಮ್ಮಲ್ಲಿ ಒಂದಾದರೂ ಉಳಿದಿದ್ದರೆ, ಅದನ್ನು ಇದ್ದಲ್ಲಿಯೇ ಬಿಡುವಂತೆ ನಗರಸಭೆಗೆ ಒಂದು ಅರ್ಜಿ ಕೊಡಿ.