ಅಭಿಷೇಕ ಆಗಿದೆ ಅಂದರು, ನೌಕರಿ ಬಿಡಲೇ?

ಪ್ರಶ್ನೆ: ನನಗೆ 26 ವರ್ಷ. ಐಟಿಐ ಮುಗಿಸಿ ವಿದ್ಯುತ್ ಕಂಪನಿಯಲ್ಲಿ ಲೈನ್‌ಮ್ಯಾನ್ ಆಗಿ ಸೇರಿ ಎರಡು ವರ್ಷವಾಯಿತು. ನಮ್ಮದು ಅಜ್ಜನ ಕಾಲದಿಂದ ಸಿ.ಎಸ್.ಐ. ಸಭೆ. ಈಗೊಂದು ವರ್ಷದಿಂದ ಗೆಳೆಯರ ಜೊತೆ ಶುಕ್ರವಾರದ ಉಪವಾಸ ಪ್ರಾರ್ಥನೆಗೂ ಹೋಗುತ್ತಿದ್ದೇನೆ. ಹೋದ ತಿಂಗಳು ಅಲ್ಲಿಗೆ ಬೇರೆ ಊರಿಂದ ಬಂದ ಪ್ರವಾದಿಯೊಬ್ಬರು ನನ್ನನ್ನು ಮುಂದೆ ಕರೆದು ತಲೆಗೆ ಎಣ್ಣೆ ಹಚ್ಚಿದರು. “ನಿನ್ನ ಮೇಲೆ ದಾವೀದನ ಅಭಿಷೇಕ ಇದೆ, ಕೆಲಸ ಬಿಟ್ಟು ಸೇವೆಗೆ ಬಾ, ತಡ ಮಾಡಿದರೆ ಕರೆಂಟೇ ನಿನಗೆ ಪಾಠ ಕಲಿಸುತ್ತದೆ” ಅಂದರು. ಅಕ್ಕಪಕ್ಕದವರು ಅನ್ಯಭಾಷೆಯಲ್ಲಿ ಮಾತಾಡಿದರು, ಕೆಲವರು ನೆಲಕ್ಕೆ ಬಿದ್ದರು. ನನಗೆ ಏನೂ ಆಗಲಿಲ್ಲ. ಎಲ್ಲರೂ ಬಿದ್ದರಲ್ಲ ಅಂತ ನಾನೂ ಬಿದ್ದೆ.

ವಾಕ್ಯ ಹೇಳುವ ಆಸೆ ಚಿಕ್ಕಂದಿನಿಂದ ಇರುವುದು ನಿಜ. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಆದರೆ ತಂಗಿಯ ಮದುವೆಗೆ ಸೊಸೈಟಿಯಲ್ಲಿ ತೆಗೆದ ಸಾಲ ಇದೆ. ಅಪ್ಪ “ನೌಕರಿ ಬಿಟ್ಟರೆ ಮನೆಗೆ ಬರಬ್ಯಾಡ” ಅಂತಾರೆ. ನಾನು ಹುಟ್ಟುವ ಮೊದಲು ಅವ್ವ ನನ್ನನ್ನು ಸೇವೆಗೆ ಕೊಡುತ್ತೇನೆಂದು ಹರಕೆ ಹೊತ್ತಿದ್ದಳಂತೆ, ಅದನ್ನು ನೆನೆದು ಅಳುತ್ತಾಳೆ. ಈಗ ಕಂಬ ಹತ್ತುವಾಗ ಕೈ ನಡುಗುತ್ತದೆ. ಅಭಿಷೇಕ ಅಂದರೆ ಏನು? ನನಗೆ ಆಗಿದೆಯೋ ಇಲ್ಲವೋ?
— ಹೆಸರು ಬೇಡ, ಗದಗ ಜಿಲ್ಲೆ

ಉತ್ತರ: ತಮ್ಮಾ, ಮೊದಲು ಕಂಬದ ಮಾತು, ಆಮೇಲೆ ಅಭಿಷೇಕದ ಮಾತು.

ಕೈ ನಡುಗುವ ದಿನ ಕಂಬ ಹತ್ತಬೇಡ. ಸೆಕ್ಷನ್ ಆಫೀಸಿನಲ್ಲಿ ಹೇಳಿ ಸ್ವಲ್ಪ ದಿನ ನೆಲದ ಮೇಲಿನ ಕೆಲಸ ಕೇಳಿಕೋ. ಎಲ್.ಸಿ. (ಲೈನ್ ಕ್ಲಿಯರ್) ತಗೊಳ್ಳದೆ, ಅರ್ಥಿಂಗ್ ಮಾಡದೆ ಲೈನ್ ಮುಟ್ಟಬಾರದು ಅನ್ನುವುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಉಪವಾಸದ ದಿನವೂ ಹತ್ತುವ ಕೆಲಸ ಬೇಡ. ಹೊಟ್ಟೆ ಖಾಲಿ, ಬಿಸಿಲು, ಅದರ ಮೇಲೆ ಭಯ, ಇಷ್ಟಿದ್ದರೆ ಯಾರ ಕಾಲಾದರೂ ತಪ್ಪುತ್ತದೆ. ಹಾಗೇನಾದರೂ ಆದರೆ “ನೋಡಿ, ಪ್ರವಾದನೆ ನೆರವೇರಿತು” ಎಂದು ಅದೇ ಮನುಷ್ಯ ಇನ್ನೊಂದು ಊರಿನಲ್ಲಿ ಸಾಕ್ಷಿ ಹೇಳುತ್ತಾನೆ. ನನಗೆ ಸಿಟ್ಟು ಬಂದಿರುವುದು ಅಲ್ಲೇ. ನಿನಗೆ ಭಯ ಹುಟ್ಟಿಸಿದವನು, ನಿನ್ನ ಭಯದಿಂದ ಆಗಬಹುದಾದ ಅನಾಹುತದ ಹೆಸರನ್ನೂ ತಾನೇ ಗಳಿಸಿಕೊಳ್ಳುತ್ತಾನೆ. ಅದು ಪ್ರವಾದನೆ ಅಲ್ಲ, ಬೆದರಿಕೆ. ಅದನ್ನು ಪಾಲಿಸದಿದ್ದರೆ ದೇವರ ಮಾತು ಮೀರಿದಂತೆ ಆಗುವುದಿಲ್ಲ. ರಾತ್ರಿ ನಿದ್ದೆಯೂ ಕೆಟ್ಟಿದ್ದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವಿಶ್ವಾಸ ಕಡಿಮೆಯಾದವರು ಮಾತ್ರ ಅಂಥಲ್ಲಿಗೆ ಫೋನ್ ಮಾಡುತ್ತಾರೆ ಅನ್ನುವುದು ಸುಳ್ಳು.

ನಿಜವಾದ ಪ್ರವಾದಿ ಹೇಗೆ ಮಾತಾಡುತ್ತಾನೆಂದು ತಿಳಿಯಬೇಕಾದರೆ ಅಪೊಸ್ತಲರ ಕೃತ್ಯಗಳ 21ನೇ ಅಧ್ಯಾಯದಲ್ಲಿ ಅಗಬನನ್ನು ನೋಡು. ಯೆರೂಸಲೇಮಿನಲ್ಲಿ ಪೌಲನ ಕೈಕಾಲು ಕಟ್ಟುತ್ತಾರೆಂದು ಅವನು ಮುಂಚೆಯೇ ಹೇಳುತ್ತಾನೆ. ಸುತ್ತಲಿದ್ದವರು ಹೋಗಬೇಡವೆಂದು ಅತ್ತುಕರೆಯುತ್ತಾರೆ. ಪೌಲ ಹೋಗಿಯೇ ತೀರುತ್ತಾನೆ. ಯಾರೂ ಅವನನ್ನು ಶಪಿಸುವುದಿಲ್ಲ. ಪ್ರವಾದಿ ಕಂಡದ್ದನ್ನು ಹೇಳಿದ, ತೀರ್ಮಾನ ಮಾಡಿದವನು ಪೌಲ. ನಿಜವಾದ ಪ್ರವಾದಿಗಳೂ ಒಮ್ಮೊಮ್ಮೆ ಎಡವಿದ್ದಾರೆ. ಸಮುವೇಲನಂಥ ಸಮುವೇಲನೇ ಇಷಯನ ಹಿರಿಮಗ ಎಲೀಯಾಬನ ಎತ್ತರ ನೋಡಿ ಇವನೇ ಅರಸನೆಂದುಕೊಂಡ. ದೇವಾಲಯ ಕಟ್ಟುವ ಯೋಚನೆ ಮಾಡಿದ ದಾವೀದನಿಗೆ ನಾತಾನ “ಆಗಲಿ” ಅಂದುಬಿಟ್ಟು, ಆ ರಾತ್ರಿಯೇ ದೇವರಿಂದ ತಿದ್ದಿಸಿಕೊಂಡ. ಪ್ರವಾದನೆಯನ್ನು ತಳ್ಳಿಹಾಕಬೇಡಿ, ಆದರೆ ಪರೀಕ್ಷಿಸಿ ನೋಡಿ ಎಂದು ಪೌಲ ಥೆಸಲೋನಿಕದವರಿಗೆ ಬರೆದದ್ದು ಸುಮ್ಮನೆ ಅಲ್ಲ.

ಇನ್ನು ದಾವೀದನ ಅಭಿಷೇಕ. ಆ ಮಾತನ್ನು ಅವರು ಆಡಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಅವರು ಹೇಳಿದ್ದಕ್ಕೆ ಅದೇ ಕಥೆ ವಿರುದ್ಧವಾಗಿದೆ. 1 ಸಮುವೇಲ 16ನೇ ಅಧ್ಯಾಯ ಇವತ್ತು ರಾತ್ರಿ ಓದು, 17ರವರೆಗೂ ಓದು. ಬೇತ್ಲೆಹೇಮಿನಲ್ಲಿ ಅಣ್ಣಂದಿರ ಎದುರಿಗೆ ಸಮುವೇಲ ಕೊಂಬಿನ ಎಣ್ಣೆಯನ್ನು ದಾವೀದನ ತಲೆಗೆ ಸುರಿದ. ಅಂದಿನಿಂದ ಆತ್ಮ ಅವನ ಮೇಲಿತ್ತು ಎಂದು ಬರೆದಿದೆ. ಆಮೇಲೆ ಸಮುವೇಲ ಎದ್ದು ತನ್ನೂರು ರಾಮಕ್ಕೆ ಹೋದ. ದಾವೀದ ಎಲ್ಲಿಗೆ ಹೋದ? ಸೌಲ ಅರಸ ಅವನಿಗಾಗಿ ಹೇಳಿಕಳಿಸುವಾಗ ಅವನು ಕುರಿ ಕಾಯುತ್ತಿದ್ದ. ಅರಮನೆಯಲ್ಲಿ ಕಿನ್ನರಿ ನುಡಿಸುವ ಕೆಲಸ ಸಿಕ್ಕ ಮೇಲೂ ಅಪ್ಪನ ಕುರಿ ಮೇಯಿಸಲು ಬೇತ್ಲೆಹೇಮಿಗೆ ಹೋಗಿಬಂದು ಮಾಡುತ್ತಿದ್ದ. ಕುರಿ ಬಿಟ್ಟು ಬಾ ಎಂದು ಸಮುವೇಲ ಹೇಳಲಿಲ್ಲ. ಮುಂದೆ ಸೌಲನಿಂದ ತಪ್ಪಿಸಿಕೊಂಡು ಓಡಾಟ, ಗುಹೆ, ಮರುಭೂಮಿ. ಹೆಬ್ರೋನಿನಲ್ಲಿ ಯೆಹೂದದವರು ಅವನಿಗೆ ಎರಡನೇ ಸಲ ಅಭಿಷೇಕ ಮಾಡಿ ಪಟ್ಟಕ್ಕೆ ಕೂರಿಸಿದಾಗ ಅವನಿಗೆ 30 ವರ್ಷ. ಅಲ್ಲಿ ಏಳೂವರೆ ವರ್ಷ ಆಳಿದ ಮೇಲೆ ಇಡೀ ಇಸ್ರಾಯೇಲಿನ ಹಿರಿಯರು ಬಂದು ಮೂರನೇ ಸಲ ಅಭಿಷೇಕ ಮಾಡಿದರು. ಮೊದಲಿನದು ಅಣ್ಣಂದಿರ ನಡುವೆ ನಡೆದದ್ದು, ಉಳಿದ ಎರಡೂ ಜನ ಸೇರಿ ಮಾಡಿದ್ದು. ದೇವರು ಒಳಗೆ ಹೇಳಿದ್ದನ್ನು ಜನರೂ ಹೊರಗೆ ಗುರುತಿಸುವವರೆಗೆ ದಾವೀದ ಕಾದ. ಸೌಲ ಗುಹೆಯೊಳಗೆ ಕೈಗೆ ಸಿಕ್ಕಾಗಲೂ ಅವಸರ ಮಾಡಲಿಲ್ಲ.

ಅಭಿಷೇಕ ಅಂದರೆ ಏನು ಎಂದು ಕೇಳಿದ್ದೀಯ. ಹಳೆಯ ಒಡಂಬಡಿಕೆಯಲ್ಲಿ ಯಾಜಕ, ಅರಸ, ಅಪರೂಪಕ್ಕೆ ಪ್ರವಾದಿ, ಇವರ ತಲೆಗೆ ಎಣ್ಣೆ ಹಾಕಿ ಒಂದು ಕೆಲಸಕ್ಕೆಂದು ಮೀಸಲಿಡುತ್ತಿದ್ದರು. ದೇವದರ್ಶನದ ಗುಡಾರದ ಪಾತ್ರೆಗಳಿಗೂ ಹಚ್ಚುತ್ತಿದ್ದರು. ಆ ತೈಲವನ್ನು ಮಾಡುವ ಬಗೆ ವಿಮೋಚನಕಾಂಡ 30ರಲ್ಲಿ ಲೆಕ್ಕಸಮೇತ ಇದೆ. ರಕ್ತಬೋಳ 500 ಶೆಕೆಲ್, ದಾಲ್ಚಿನ್ನಿ 250, ಬಜೆ 250, ಕಾಡುದಾಲ್ಚಿನ್ನಿಯಂಥ ಇನ್ನೊಂದು ತೊಗಟೆ 500, ಅದಕ್ಕೆ ಆಲಿವ್ ಎಣ್ಣೆ. ಸ್ವಂತ ಮೈಗೆ ಪೂಸಿಕೊಳ್ಳಲು ಯಾರೂ ಇದನ್ನು ಮಾಡಕೂಡದು ಎಂಬ ಕಟ್ಟಪ್ಪಣೆಯೂ ಅಲ್ಲೇ ಇದೆ. ಪ್ರಾರ್ಥನೆ ಕೂಟದ ಬಾಗಿಲಲ್ಲಿ ಅಭಿಷೇಕದ ಎಣ್ಣೆಯನ್ನು ಸೀಸೆಗಿಷ್ಟು ಎಂದು ಮಾರುವವರು ಆ ಅಧ್ಯಾಯವನ್ನು ಪೂರ್ತಿ ಓದಿದಂತಿಲ್ಲ. ಆತ್ಮನ ವರವನ್ನು ಹಣ ಕೊಟ್ಟು ಪಡೆಯಲು ಹೋದ ಸಮಾರ್ಯದ ಸೀಮೋನನಿಗೆ ಪೇತ್ರ ಏನಂದ ಎಂಬುದನ್ನೂ ಅವರು ದಾಟಿ ಹೋಗುತ್ತಾರೆ.

ಯೇಸು ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿ ಬಿಚ್ಚಿ ಓದಿದ್ದು ಅಭಿಷೇಕದ ಭಾಗವನ್ನೇ. ಅಲ್ಲಿರುವುದು ಬಡವರು, ಸೆರೆಯವರು, ಕುರುಡರು, ಜಜ್ಜಿಹೋದವರು. ಅಭಿಷೇಕ ಹೊಂದಿದವನಿಗೆ ಏನು ಸಿಗುತ್ತದೆ ಎಂಬ ಮಾತೇ ಅಲ್ಲಿಲ್ಲ, ಅವನಿಂದ ಯಾರಿಗೆ ಏನಾಗಬೇಕು ಎಂಬುದಿದೆ. ನನ್ನ ಮಟ್ಟಿಗೆ ಅಭಿಷೇಕವನ್ನು ಅಳೆಯಲು ಅದೊಂದೇ ಮಾಪು ಸಾಕು. ಇನ್ನು ಹೊಸ ಒಡಂಬಡಿಕೆಗೆ ಬಂದರೆ, ಯೋಹಾನ ತನ್ನ ಮೊದಲ ಪತ್ರದಲ್ಲಿ ಅಭಿಷೇಕ ನಿಮಗೆ ಆಗಿದೆ ಎಂದು ಇಡೀ ಸಭೆಗೆ ಬರೆಯುತ್ತಾನೆ. ಪಾದ್ರಿಗಳಿಗೆ ಎಂದಲ್ಲ, ಪ್ರವಾದಿಗಳಿಗೆ ಎಂದಲ್ಲ. ಕಥೋಲಿಕರು ಮಗುವಿಗೆ ದೀಕ್ಷಾಸ್ನಾನ ಕೊಡುವಾಗಲೇ ಪರಿಮಳ ತೈಲ ಹಚ್ಚುವುದು ಇದಕ್ಕೇ. ನಮ್ಮ ಸಭೆಯಲ್ಲಿ ದೃಢೀಕರಣದ ದಿನ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಪವಿತ್ರಾತ್ಮನಿಗಾಗಿ ಪ್ರಾರ್ಥಿಸುತ್ತಾರೆ. ನಿನಗೂ ಆಗಿರಬೇಕು. ಅಂದು ನೀನು ಬೀಳಲಿಲ್ಲ, ಯಾರೂ ಬೀಳೆಂದು ಹೇಳಲೂ ಇಲ್ಲ. ಆದ್ದರಿಂದ ಆಗಿದೆಯೋ ಇಲ್ಲವೋ ಎಂಬುದಕ್ಕೆ ನನ್ನ ಉತ್ತರ: ಆಗಿದೆ, ಹೋದ ತಿಂಗಳಲ್ಲ, ಬಹಳ ಹಿಂದೆಯೇ.

ಎಲ್ಲರೂ ಬಿದ್ದರೆಂದು ಬಿದ್ದೆ ಅಂತ ಬರೆದಿದ್ದೀಯಲ್ಲ, ಅದಕ್ಕೆ ನಾಚಬೇಡ. ಮುಂದಿನ ಸಲ ನಿಂತಿರು, ಅಷ್ಟೇ. ಅನ್ಯಭಾಷೆಯನ್ನು ನಾನು ಹಗುರವಾಗಿ ಕಾಣುವವಳಲ್ಲ. ಪವಿತ್ರಾತ್ಮನ ದೀಕ್ಷಾಸ್ನಾನಕ್ಕೆ ಅದೇ ಮೊದಲ ಗುರುತೆಂದು ಅನೇಕ ಪೆಂತೆಕೋಸ್ತ ಸಭೆಗಳು ಕಲಿಸುತ್ತವೆ, ಅವರ ಭಕ್ತಿಯಲ್ಲಿ ಸುಳ್ಳಿಲ್ಲ. ಆದರೆ ಎಲ್ಲರೂ ಅನ್ಯಭಾಷೆ ಆಡುತ್ತಾರೋ ಎಂದು ಪೌಲ ಕೊರಿಂಥದವರನ್ನು ಕೇಳಿದ ರೀತಿಯಲ್ಲೇ ‘ಇಲ್ಲ’ ಎಂಬ ಉತ್ತರ ಇದೆ. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಹೆಸರು ಕೇಳಿರಬಹುದು. ಪುಣೆ ಹತ್ತಿರದ ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಮಿಷನ್ನಿನಲ್ಲಿ 1905ರಲ್ಲಿ ದೊಡ್ಡ ಉಜ್ಜೀವನವಾಯಿತು. ಲಾಸ್ ಏಂಜಲೀಸಿನ ಅಜೂಸಾ ಬೀದಿಯ ಪ್ರಸಿದ್ಧ ಉಜ್ಜೀವನಕ್ಕಿಂತ ಅದು ಒಂದು ವರ್ಷ ಮುಂಚಿನದು. ಹೆಣ್ಣುಮಕ್ಕಳು ರಾತ್ರಿಯಿಡೀ ಪ್ರಾರ್ಥಿಸಿದರು, ಅತ್ತರು, ಮುಂದೆ ಅನ್ಯಭಾಷೆಯಲ್ಲೂ ಮಾತಾಡಿದರು. ರಮಾಬಾಯಿ ಸ್ವತಃ ಅನ್ಯಭಾಷೆ ಆಡಿದವರಲ್ಲ. ಬರಗಾಲದಲ್ಲಿ ದಿಕ್ಕಿಲ್ಲದಾದ ಹೆಣ್ಣುಮಕ್ಕಳಿಗೆ ಅನ್ನ, ಅಕ್ಷರ, ಕೈಕೆಲಸ ಕೊಡುತ್ತ, ಬೈಬಲ್ಲನ್ನು ಮರಾಠಿಗೆ ತರುವುದರಲ್ಲಿ 1922ರಲ್ಲಿ ಸಾಯುವವರೆಗೂ ಮುಳುಗಿದ್ದರು. ಅವರಿಗೆ ಅಭಿಷೇಕ ಆಗಿರಲಿಲ್ಲ ಎನ್ನುವ ಧೈರ್ಯ ಯಾರಿಗಿದೆ?

ಲೈನ್‌ಮ್ಯಾನ್ ಕೆಲಸ ಲೌಕಿಕ, ಸೇವೆ ಅಂದರೆ ಮೈಕ್ ಹಿಡಿಯುವುದು ಎಂಬ ಎಣಿಕೆ ನಿನ್ನ ಕಾಗದದಲ್ಲೂ ಅಲ್ಲಲ್ಲಿ ಇಣುಕುತ್ತದೆ. ವಿಮೋಚನಕಾಂಡ 31ರಲ್ಲಿ ಬೆಚಲೇಲ ಎಂಬವನನ್ನು ದೇವರಾತ್ಮನಿಂದ ತುಂಬಿಸಲಾಯಿತು ಎಂದಿದೆ. ಅವನು ಮಾಡಿದ್ದೇನು? ಬಂಗಾರ, ಬೆಳ್ಳಿ, ತಾಮ್ರ, ಕಲ್ಲು, ಮರದ ಕೆಲಸ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಆರಂಭಿಸಿದಾಗ, ಮಿಷನರಿಗೆ ಜೇಡಿಮಣ್ಣಿನ ಉಸಾಬರಿ ಯಾಕೆ ಎಂದು ಕೇಳಬಹುದಿತ್ತು. ಆ ಮಣ್ಣಿನಿಂದ ಎಷ್ಟೋ ಕ್ರೈಸ್ತ ಕುಟುಂಬಗಳು ಉಂಡವು. ಮಳೆಗಾಳಿಯ ರಾತ್ರಿ ಲೈನ್ ಹರಿದುಬಿದ್ದಾಗ ಹೆರಿಗೆ ಆಸ್ಪತ್ರೆಗೆ ಕರೆಂಟ್ ತರುವವನು ಯಾರ ಸೇವೆ ಮಾಡುತ್ತಿದ್ದಾನೆ ಎಂದು ನೀನೇ ಯೋಚಿಸು.

ಒಂದು ವಾಕ್ಯದ ಬಗ್ಗೆ ಎಚ್ಚರ ಹೇಳಿಬಿಡುತ್ತೇನೆ. ಆ ಪ್ರವಾದಿಯನ್ನು ನೀನು ಪ್ರಶ್ನಿಸಿದರೆ, ದೇವರ ಅಭಿಷಿಕ್ತರನ್ನು ಮುಟ್ಟಬಾರದೆಂದು ಯಾರಾದರೂ 105ನೇ ಕೀರ್ತನೆ ತೋರಿಸಿಯೇ ತೋರಿಸುತ್ತಾರೆ. ಅಲ್ಲಿ ಎರಡು ಮೂರು ವಚನ ಹಿಂದಕ್ಕೆ ಹೋಗಿ ಓದು. ನೆಲೆಯಿಲ್ಲದೆ ಊರೂರು ಅಲೆಯುತ್ತಿದ್ದ ಚಿಕ್ಕದೊಂದು ಮನೆತನವನ್ನು ಮುಟ್ಟಬೇಡಿ ಎಂದು ದೇವರು ರಾಜರನ್ನು ಗದರಿಸಿದ ಮಾತದು. ಬಲಹೀನರನ್ನು ಬಲವುಳ್ಳವರಿಂದ ಕಾಪಾಡಲು ಹೇಳಿದ್ದನ್ನು ಈಗ ವೇದಿಕೆ ಮೇಲಿನವರು ತಮ್ಮ ರಕ್ಷಣೆಗೆ ಇಟ್ಟುಕೊಂಡಿದ್ದಾರೆ. ದಾವೀದ ಸೌಲನ ಮೇಲೆ ಕೈ ಎತ್ತಲಿಲ್ಲ ನಿಜ, ಆದರೆ ಗುಹೆಯ ಹೊರಗೆ ನಿಂತು ನೀನು ಮಾಡುತ್ತಿರುವುದು ಅನ್ಯಾಯ ಎಂದು ಕೂಗಿ ಹೇಳಿದ. ಅದೇ ದಾವೀದ ತಪ್ಪು ಮಾಡಿದಾಗ ನಾತಾನ ಮುಖಕ್ಕೆ ಮುಖ ಕೊಟ್ಟು ಹೇಳಿದ.

ಹಾಗಾದರೆ ನಿನ್ನ ಚಿಕ್ಕಂದಿನ ಆಸೆ? ಅದನ್ನು ನಾನು ಆ ಪ್ರವಾದಿಯ ಮಾತಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಅದು ಅವರು ಬರುವ ಮೊದಲೇ ಇತ್ತು, ಹೆದರಿಕೆಯಿಂದ ಹುಟ್ಟಿದ್ದಲ್ಲ, ಸಂಡೇ ಸ್ಕೂಲಿನಲ್ಲಿ ಕೆಲಸವಾಗಿಯೂ ಕಾಣುತ್ತಿದೆ. ಅಂತಿಯೋಕ್ಯದಲ್ಲಿ ಬಾರ್ನಬ, ಪೌಲರನ್ನು ಕಳಿಸಿದ್ದು ಸಭೆಯವರು ಉಪವಾಸವಿದ್ದು, ಪ್ರಾರ್ಥಿಸಿ, ಕೈಯಿಟ್ಟ ಮೇಲೆ. ಆತುರಪಟ್ಟು ಯಾರ ಮೇಲೂ ಕೈಯಿಡಬೇಡ ಎಂದು ತಿಮೊಥೆಯನಿಗೆ ಪೌಲನ ಬುದ್ಧಿಮಾತು. ನಿನ್ನನ್ನು ಒಂದು ಸಂಜೆ ನೋಡಿದವರಿಗೆ ನಿನ್ನ ಸಿಟ್ಟು, ಸಾಲ, ಮಾತಿನ ನಿಯತ್ತು ಯಾವುದೂ ತಿಳಿಯದು. ನಿಮ್ಮ ಸಭೆಯ ಹಿರಿಯರಿಗೆ ತಿಳಿದಿದೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕ ಅಯ್ಯನವರ ಹತ್ತಿರ ಕೂತು ಈ ಆಸೆಯನ್ನು ಬಿಚ್ಚಿ ಹೇಳು. ಯೌವನಸ್ಥರ ಕೂಟದಲ್ಲಿ ವಾಕ್ಯ ಹೇಳುವ, ರೋಗಿಗಳ ಮನೆಗೆ ಅವರ ಜೊತೆ ಹೋಗುವ ಜವಾಬ್ದಾರಿ ಕೇಳು. ಕೆಲಸದಲ್ಲಿದ್ದುಕೊಂಡೇ ಓದುವ ಸೇರಾಂಪುರದ ಬಾಹ್ಯ ದೇವಶಾಸ್ತ್ರ ಕೋರ್ಸುಗಳಿವೆ. ಮುಂದೆ ಸಭೆ ಶಿಫಾರಸು ಮಾಡಿ, ಡಯಾಸಿಸ್ ಒಪ್ಪಿದರೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ, ಅಲ್ಲಿ ಕನ್ನಡದಲ್ಲೇ ಓದಬಹುದು. ಸೊಸೈಟಿಯ ಸಾಲ ತೀರುವವರೆಗೆ ಅರ್ಜಿಯ ಮಾತು ಬೇಡ. ತಂಗಿಯ ಮದುವೆಯ ಕಂತನ್ನು ಅಪ್ಪನ ತಲೆಗೆ ಹಾಕಿ ಸುವಾರ್ತೆ ಸಾರಲು ಹೋಗುವುದು ನನಗೆ ಸರಿಕಾಣುವುದಿಲ್ಲ.

ಅವ್ವನ ಹರಕೆ ಸೂಕ್ಷ್ಮದ ವಿಷಯ. ಸಮುವೇಲನ ತಾಯಿ ಹನ್ನಳೂ ಹರಕೆ ಹೊತ್ತಳು, ಮಗನನ್ನು ಶಿಲೋವಿಗೆ ಕರೆತಂದು ಬಿಟ್ಟಳು. ಆದರೆ ದೇವರು ಆ ಮಗನನ್ನು ಹೆಸರು ಹಿಡಿದು ಬೇರೆಯಾಗಿ ಕರೆದ. ಹುಡುಗ ಮೂರು ಸಲ ಯಾಜಕ ಏಲಿಯ ಹತ್ತಿರ ಓಡಿದ, ಅದು ಯಾರ ದನಿ ಎಂದು ಮೊದಲು ತಿಳಿದವನು ಮುದುಕ ಏಲಿ. ತಾಯಿಯ ಹರಕೆ ತಾಯಿಯದು, ಕರೆ ಮಗನದು. ಅವ್ವನಿಗೆ ಹೇಳು: ನೀನು ಕೊಟ್ಟ ಮಗ ಸಂಡೇ ಸ್ಕೂಲಿನಲ್ಲಿ ಆಗಲೇ ಸೇವೆಯಲ್ಲಿದ್ದಾನೆ. ಅಪ್ಪನ ಜೊತೆ ವಾದ ಬೇಡ. ನೌಕರಿ ಬಿಡುತ್ತಿಲ್ಲ ಎಂದು ತಿಳಿಸಿದರೆ ಅವರೂ ಮೆತ್ತಗಾದಾರು.

ಈ ಪುಟ ಓದುವ ಸಭಾಪಾಲಕರಿಗೂ ಹಿರಿಯರಿಗೂ ಒಂದು ಕೋರಿಕೆ. ನಿಮ್ಮ ಊರಿನ ಪ್ರಾರ್ಥನೆ ಕೂಟಗಳಿಗೆ ಹೊರಗಿನಿಂದ ಯಾರು ಬರುತ್ತಾರೆ, ಹುಡುಗ ಹುಡುಗಿಯರಿಗೆ ಏನು ಹೇಳಿ ಹೋಗುತ್ತಾರೆ ಎಂದು ವಿಚಾರಿಸಿ. ಶಾಪದ ಹೆದರಿಕೆ ಹಾಕಿ ನೌಕರಿ ಬಿಡಿಸಿದ್ದು ತಿಳಿದರೆ ಆ ಮಕ್ಕಳನ್ನು ಬೈಯದೆ ಹತ್ತಿರ ಕರೆದು ಕೂರಿಸಿಕೊಳ್ಳಿ, ಹೇಳಿದವರನ್ನು ಮಾತ್ರ ಎಲ್ಲರೆದುರು ಪ್ರಶ್ನಿಸಿ.