ಸೀಸದ ಕಡ್ಡಿಯಲ್ಲಿ ಸೀಸವಿಲ್ಲ

ಪೆನ್ಸಿಲನ್ನು ನಾವು ಸೀಸದ ಕಡ್ಡಿ ಎನ್ನುತ್ತೇವೆ. ಆದರೆ ಅದರಲ್ಲಿರುವುದು ಜೇಡಿಮಣ್ಣಿನೊಡನೆ ಬೆರೆಸಿ ಸುಟ್ಟ ಗ್ರಾಫೈಟ್. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೊಡೇಲಿನಲ್ಲಿ ದೊರೆತ ಈ ಕಪ್ಪು ಖನಿಜವನ್ನು ಜನರು ಸೀಸವೆಂದೇ ಬಗೆದಿದ್ದರು. ಇದು ಇಂಗಾಲದ ಒಂದು ರೂಪವೆಂದು 1779ರಲ್ಲಿ ಷೀಲೆ ಎಂಬ ರಸಾಯನವಿಜ್ಞಾನಿಯು ತೋರಿಸಿದನು.

ವಜ್ರವೂ ಇಂಗಾಲವೇ. ಅದು ಅತಿ ಕಠಿನ, ಇದು ಬಲು ಮೃದು. ಕಾರಣವೇನು? ವಜ್ರದಲ್ಲಿ ಪ್ರತಿಯೊಂದು ಪರಮಾಣುವೂ ನಾಲ್ಕು ನೆರೆಯ ಪರಮಾಣುಗಳೊಡನೆ ಬಿಗಿದುಕೊಂಡಿದೆ. ಗ್ರಾಫೈಟಿನಲ್ಲಾದರೋ ಮೂರರೊಡನೆ ಮಾತ್ರ ಬಂಧ. ಜೇನುಗೂಡಿನಂತಹ ಷಟ್ಕೋಣಗಳ ಹಾಳೆಗಳು ಒಂದರ ಮೇಲೊಂದು ಅಡಕವಾಗಿವೆ. ಹಾಳೆಯೊಳಗೆ ಪರಮಾಣುಗಳ ಅಂತರ 1.42 ಆಂಗ್‌ಸ್ಟ್ರಾಂ, ಹಾಳೆಗಳ ನಡುವಣ ಅಂತರ 3.35. ಅಲ್ಲಿನ ಹಿಡಿತ ಸಡಿಲವಾದುದರಿಂದ ಹಾಳೆಗಳು ಜಾರುತ್ತವೆ. ಕಾಗದದ ಮೇಲೆ ಗೆರೆ ಮೂಡುತ್ತದೆ, ಯಂತ್ರಗಳಲ್ಲಿ ಘರ್ಷಣೆ ತಗ್ಗುತ್ತದೆ. ಈ ಜಾರಿಕೆಗೆ ಗಾಳಿಯ ತೇವವೂ ಬೇಕು. ನಿರ್ವಾತದಲ್ಲಿ ಗ್ರಾಫೈಟ್ ಕೀಲೆಣ್ಣೆಯ ಕೆಲಸವನ್ನು ಸರಿಯಾಗಿ ಮಾಡದು.

ಮೂರು ಬಂಧಗಳ ಬಳಿಕ ಉಳಿದ ನಾಲ್ಕನೆಯ ಎಲೆಕ್ಟ್ರಾನು ಹಾಳೆಯುದ್ದಕ್ಕೂ ಸಂಚರಿಸಬಲ್ಲುದು. ಆದುದರಿಂದ ಗ್ರಾಫೈಟ್ ವಿದ್ಯುದ್ವಾಹಕ. ಉಕ್ಕಿನ ವಿದ್ಯುತ್ ಕುಲುಮೆಗಳಲ್ಲಿಯೂ ಲಿಥಿಯಂ ಬ್ಯಾಟರಿಗಳಲ್ಲಿಯೂ ಅದೇ ವಿದ್ಯುದ್ವಾರ. ಎರಡೂ ತುದಿ ಚೂಪು ಮಾಡಿದ ಮೃದುವಾದ ಮೋಟು ಪೆನ್ಸಿಲೊಂದನ್ನು ಮೂರು ಟಾರ್ಚ್ ಸೆಲ್ಲುಗಳಿಗೂ ಪುಟ್ಟ ಬಲ್ಬಿಗೂ ನಡುವೆ ಸೇರಿಸಿದರೆ, ಬಲ್ಬು ಮಂದವಾಗಿ ಬೆಳಗುವುದನ್ನು ನಾವೇ ಕಾಣಬಹುದು. ಮೂಲವಸ್ತು ಒಂದೇ ಆದರೂ ಪರಮಾಣುಗಳ ಜೋಡಣೆ ಬೇರೆಯಾದರೆ ಗುಣವೂ ಬೇರೆ.